ಬೆಣ್ಣೆಯ ಊರು, ಬೇಸರದ ಹಸಿವು

ದಾವಣಗೆರೆಗೆ ಬರುವ ಮೊದಲೇ ಅದರ ದೋಸೆ ಎದುರಾಗುತ್ತದೆ. ಬೆಂಗಳೂರಿನ ಬಡಾವಣೆ ಬಡಾವಣೆಯಲ್ಲೂ ಈ ಊರಿನ ಹೆಸರು ಹೊತ್ತ ಫಲಕಗಳಿವೆ. ಆದರೆ ದೋಸೆಯನ್ನು ಅದರ ತವರಿನಲ್ಲೇ ತಿನ್ನಬೇಕು ಎಂಬ ಹಟದಿಂದ ಬಂದಿಳಿಯುವವರೂ ಕಡಿಮೆಯೇನಿಲ್ಲ. ಅಂಥವರಿಗೆ ಊರು ಮೋಸ ಮಾಡುವುದಿಲ್ಲ. ಕಾದ ಹಂಚು, ಅದರ ಮೇಲೆ ಚೊರ್ ಎಂದು ಹರಡುವ ಹಿಟ್ಟು, ಕೈ ತಡೆಯದೆ ಬೀಳುವ ಬೆಣ್ಣೆ, ಪಕ್ಕದಲ್ಲಿ ಅರಿಸಿನ ಕಾಣದ ಬಿಳಿ ಆಲೂಗಡ್ಡೆ ಪಲ್ಯ, ಖಾರದ ಕಾಯಿ ಚಟ್ನಿ. ಸಾಂಬಾರ್ ಕೇಳಿದರೆ ಹೊರಗಿನವರೆಂದು ಗೊತ್ತಾಗಿಬಿಡುತ್ತದೆ. ಒಂದು ಮುಗಿಯುವಷ್ಟರಲ್ಲಿ ಬಡಿಸುವವರು ಬಂದು ನಿಲ್ಲುತ್ತಾರೆ. “ಇನ್ನೊಂದ್ ಖಾಲಿ ಕೊಡ್ಲಾ ಸಾರ್?”

ಬೇಡ ಎನ್ನುವುದು ಸುಲಭವಲ್ಲ. ಅದರಲ್ಲೂ ಮನಸ್ಸು ಸರಿಯಿಲ್ಲದ ದಿನ.

ಈ ದೋಸೆಯ ಹುಟ್ಟಿನ ಬಗ್ಗೆ ಊರಿನಲ್ಲಿ ಒಂದು ಕಥೆಯಿದೆ. 1928ರ ಸುಮಾರಿಗೆ ಬೆಳಗಾವಿ ಸೀಮೆಯಿಂದ ಮಕ್ಕಳನ್ನು ಕಟ್ಟಿಕೊಂಡು ಬಂದ ಚೆನ್ನಮ್ಮ ಎಂಬ ತಾಯಿ ನಾಟಕದ ಥಿಯೇಟರಿನ ಪಕ್ಕದಲ್ಲಿ ರಾಗಿ ದೋಸೆ ಹಾಕಿ ಮಾರುತ್ತಿದ್ದರಂತೆ. ಮುಂದೆ ಅವರ ಮಕ್ಕಳ ಕಾಲಕ್ಕೆ ರಾಗಿ ಹೋಗಿ ಅಕ್ಕಿ, ಉದ್ದು, ಮಂಡಕ್ಕಿ ಬಂದವು; ಬೆಣ್ಣೆ ಮಾತ್ರ ಉಳಿಯಿತು. ಕಥೆಯ ವಿವರಗಳು ಹೇಳುವವರಿಂದ ಹೇಳುವವರಿಗೆ ಸ್ವಲ್ಪ ಬದಲಾಗುತ್ತವೆ. ಅದು ನಡೆದ ಕಾಲದ ಬಗ್ಗೆ ಮಾತ್ರ ಅನುಮಾನವಿಲ್ಲ: ಹತ್ತಿಯ ಪೇಟೆ ಬೆಳೆದು ಊರು ‘ಕರ್ನಾಟಕದ ಮ್ಯಾಂಚೆಸ್ಟರ್’ ಆಗಲು ಹೊರಟಿದ್ದ ಕಾಲ ಅದು. ಗಿರಣಿಗಳು ಒಂದೊಂದಾಗಿ ಎದ್ದವು. ಹತ್ತಿ ಅಂಡಿಗೆ ಹೊತ್ತವರು, ಪಾಳಿಯ ಮೇಲೆ ಪಾಳಿ ಮಗ್ಗದ ಮುಂದೆ ನಿಂತವರು ಬೆಣ್ಣೆ ತಿಂದರೆ ಅದು ಸಂಜೆಯೊಳಗೆ ಬೆವರಾಗಿ ಹೋಗುತ್ತಿತ್ತು.

ಲೆಕ್ಕ ಸರಳವಾಗಿದೆ. ಒಂದು ಗ್ರಾಂ ಕೊಬ್ಬಿನಲ್ಲಿ 9 ಕಿಲೋ ಕ್ಯಾಲೊರಿ, ಒಂದು ಗ್ರಾಂ ಪಿಷ್ಟದಲ್ಲಿ 4. ಒಂದು ದೊಡ್ಡ ಚಮಚ, ಅಂದರೆ 15 ಗ್ರಾಂ ಬೆಣ್ಣೆಯಿಂದ ನೂರರಷ್ಟು ಕಿಲೋ ಕ್ಯಾಲೊರಿ ಸಿಗುತ್ತದೆ. ಅದನ್ನು ಕರಗಿಸಲು ಸಾಧಾರಣ ಮೈಕಟ್ಟಿನವರು ಸುಮಾರು ಅರ್ಧ ಗಂಟೆ ನಡೆಯಬೇಕು. ದೋಸೆಗೆ ಒಂದೇ ಚಮಚ ಬೆಣ್ಣೆ ಹಾಕುವವರನ್ನು ಈ ಊರಿನಲ್ಲಿ ಹುಡುಕಿಕೊಂಡು ಹೋಗಬೇಕು, ಅದು ಬೇರೆ ಮಾತು. ಗಿರಣಿಯ ಕಾಲದ ದುಡಿಮೆಗೆ ಈ ಲೆಕ್ಕ ಸರಿಹೋಗುತ್ತಿತ್ತು. ಬಟ್ಟೆ ಗಿರಣಿಗಳು ಸೊರಗಿ ಒಂದೊಂದಾಗಿ ಬಾಗಿಲು ಹಾಕಿದವು. ಹಂಚು ಆರಲಿಲ್ಲ. ಈಗ ಅದರ ಮುಂದೆ ಕೂತಿರುವವರು ಅಂಗಡಿಯ ಗಲ್ಲಾದ ಮೇಲಿನವರು, ಕಛೇರಿಯವರು, ಹಾಸ್ಟೆಲಿನ ಹುಡುಗರು.

ಗಿರಣಿ ನಿಂತಾಗ ಕೂಲಿಯ ಜೊತೆಗೆ ಇನ್ನೊಂದೂ ನಿಂತಿತು: ಸೈರನ್. ಪಾಳಿ ಬದಲಾಗುವ ಕೂಗಿಗೆ ಮನೆಯಲ್ಲಿ ರೊಟ್ಟಿ ತಟ್ಟುವುದು, ಬುತ್ತಿ ಕಟ್ಟುವುದು, ಚಹಾಕ್ಕೆ ಇಡುವುದು ಎಲ್ಲ ಹೊಂದಿಕೊಂಡಿದ್ದವು. ಹೊಟ್ಟೆಯೂ ಹೊಂದಿಕೊಂಡಿತ್ತು. ಇದು ಬರೀ ಮಾತಿನ ಅಲಂಕಾರವಲ್ಲ. ಜಠರದಿಂದ ಸ್ರವಿಸುವ ಗ್ರೆಲಿನ್ ಎಂಬ ಹಾರ್ಮೋನನ್ನು ಜಪಾನಿನ ವಿಜ್ಞಾನಿಗಳು 1999ರಲ್ಲಿ ಪತ್ತೆ ಮಾಡಿದರು. ರೂಢಿಯ ಊಟದ ಹೊತ್ತಿಗೆ ಸ್ವಲ್ಪ ಮುಂಚೆ ಅದು ರಕ್ತದಲ್ಲಿ ಏರುತ್ತದೆ, ಉಂಡ ಮೇಲೆ ಇಳಿಯುತ್ತದೆ. ಹೊತ್ತಿಗೆ ಸರಿಯಾಗಿ ಉಣ್ಣುವವರಿಗೆ ಹೊತ್ತಿಗೆ ಸರಿಯಾಗಿ ಹಸಿವು. ಹೊತ್ತು ಗೊತ್ತಿಲ್ಲದೆ ತಿನ್ನುವವರಿಗೆ ಯಾವುದು ಹಸಿವು, ಯಾವುದು ಬೇಸರ ಎಂದು ಬಿಡಿಸಿ ಹೇಳುವುದೇ ಕಷ್ಟ.

ದಾವಣಗೆರೆಯಿಂದ ಹರಿಹರಕ್ಕೆ ಹದಿನಾಲ್ಕು ಕಿಲೋಮೀಟರ್ ಆಸುಪಾಸು. ಬಸ್ಸಿನಲ್ಲಿ ಕೂತು ಕಿಟಕಿಯಿಂದ ಭತ್ತದ ಗದ್ದೆ ನೋಡುತ್ತಿದ್ದಂತೆ ಊರು ಬಂದುಬಿಡುತ್ತದೆ. ಭದ್ರಾ ನಾಲೆಯ ನೀರು ಈ ಸೀಮೆಯನ್ನು ಭತ್ತದ ಕಣಜ ಮಾಡಿದೆ. ದಾವಣಗೆರೆಯ ಮಂಡಕ್ಕಿ ಭಟ್ಟಿಗಳಿಗೂ ಭತ್ತವೇ ಬಂಡವಾಳ. ಬಿಸಿ ಮರಳಿನಲ್ಲಿ ಅಕ್ಕಿಯೊಳಗಿನ ನೀರು ಆವಿಯಾಗಿ ಕಾಳು ಅರಳುವ ಆ ಕ್ಷಣ ನೋಡಲು ಚೆಂದ. ಹೊಗೆಯಲ್ಲಿ, ಕಾವಿನಲ್ಲಿ ದಿನವಿಡೀ ನಿಲ್ಲುವವರಿಗೆ ಮಾತ್ರ ಅಷ್ಟು ಚೆಂದವಲ್ಲ.

ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಶುರುವಾಯಿತು. ಅಲ್ಲಿ ತಯಾರಾದ ಲೇತ್ ಯಂತ್ರಗಳು ದೇಶದ ಎಷ್ಟೋ ವರ್ಕ್‌ಶಾಪುಗಳನ್ನು ಸೇರಿದವು. ಹರಿಹರ ಎಂದರೆ ಕಿರ್ಲೋಸ್ಕರ್ ಎನ್ನುವಷ್ಟು ಹೆಸರು. ಈ ಶತಮಾನದ ಮೊದಲ ವರ್ಷಗಳಲ್ಲಿ ಅದು ಮುಚ್ಚಿತು. ನದಿಯಾಚೆ ಕುಮಾರಪಟ್ಟಣದ ಪಾಲಿಫೈಬರ್ಸ್ ಇದ್ದರೂ ಕಿರ್ಲೋಸ್ಕರ್ ತೆರವು ಮಾಡಿದ ಜಾಗ ತುಂಬಲಿಲ್ಲ. ಲೇತ್ ಹಿಡಿದು ಕಲಿತ ಕೈಗಳು ನಲವತ್ತೈದು, ಐವತ್ತರ ವಯಸ್ಸಿನಲ್ಲಿ ಬರಿದಾದವು. ಬರಬೇಕಾದ ಹಣದ ಚಿಂತೆ, ಮಗಳ ಮದುವೆಯ ಚಿಂತೆ, ಇದರ ಮೇಲೆ ಬೆಳಗಿನಿಂದ ಸಂಜೆಯವರೆಗೆ ಕಳೆಯಲಾಗದ ಹೊತ್ತು. ಆಗ ಕೈ ಹೋಗುವುದು ಎಲ್ಲಿಗೆ? ಕೆಲವರದು ಬಾಟಲಿಗೆ. ಹೆಚ್ಚಿನವರದು ಚಹಾದ ಗ್ಲಾಸಿಗೆ, ಖಾರ ಮಂಡಕ್ಕಿಯ ಪೊಟ್ಟಣಕ್ಕೆ, ಎಣ್ಣೆಯಿಂದ ಆಗಷ್ಟೇ ಎತ್ತಿದ ಮಿರ್ಚಿಗೆ. ಕುಡಿತವನ್ನು ಊರು ಕಾಣುತ್ತದೆ. ತಿನ್ನುವುದನ್ನು ಯಾರೂ ಕಾಯಿಲೆಯ ಲೆಕ್ಕಕ್ಕೆ ಹಿಡಿಯುವುದಿಲ್ಲ. ಸಕ್ಕರೆ ಕಾಯಿಲೆಯ ಚೀಟಿ ಕೈಗೆ ಬಂದಾಗಲೇ ಗೊತ್ತು.

ಇದಕ್ಕೆ ಬಾಯಿಚಪಲ ಎಂಬ ಹೆಸರು ಕೊಟ್ಟು ಬೈಯುವುದು ಅನ್ಯಾಯ. ಹಾವು ಕಂಡಾಗ ಯಾರಿಗೂ ಹಸಿವಾಗುವುದಿಲ್ಲ. ಆಗ ಅಡ್ರಿನಲಿನ್ ಏರಿ ಜೀರ್ಣಕ್ರಿಯೆಯನ್ನು ಪಕ್ಕಕ್ಕೆ ಸರಿಸುತ್ತದೆ. ಆದರೆ ಹಾವು ಹೋಗದೆ ತಿಂಗಳುಗಟ್ಟಲೆ ಮನೆಯ ಮೂಲೆಯಲ್ಲೇ ಕೂತರೆ? ಸಾಲ, ಪರೀಕ್ಷೆ, ಕೆಲಸವಿಲ್ಲದ ದಿನಗಳು ಅಂಥ ಹಾವುಗಳು. ಆಗ ಮೂತ್ರಪಿಂಡದ ಮೇಲೆ ಟೋಪಿಯಂತೆ ಕೂತಿರುವ ಗ್ರಂಥಿಗಳಿಂದ ಕಾರ್ಟಿಸಾಲ್ ಹರಿಯುತ್ತಲೇ ಇರುತ್ತದೆ, ಸಿಹಿ ಮತ್ತು ಜಿಡ್ಡಿನ ಕಡೆ ಮನಸ್ಸನ್ನು ಎಳೆಯುತ್ತದೆ. ಕ್ಯಾಲಿಫೋರ್ನಿಯಾದ ಮೇರಿ ಡಾಲ್ಮನ್ ಮತ್ತು ಸಂಗಡಿಗರು ಹೆಚ್ಚಾಗಿ ಇಲಿಗಳ ಮೇಲಿನ ಪ್ರಯೋಗಗಳನ್ನು ಆಧರಿಸಿ 2003ರಲ್ಲಿ ಒಂದು ವಾದ ಮುಂದಿಟ್ಟರು. ಜಿಡ್ಡು, ಸಕ್ಕರೆಯ ಆಹಾರ ಮಿದುಳಿನ ಒತ್ತಡದ ಗದ್ದಲವನ್ನು ನಿಜಕ್ಕೂ ತಗ್ಗಿಸುತ್ತದೆ; ಅದಕ್ಕೆ ತೆರುವ ಬೆಲೆ ಹೊಟ್ಟೆಯ ಸುತ್ತ ಸೇರುವ ಬೊಜ್ಜು. ಅಂದರೆ ಬೆಣ್ಣೆ ಕೊಡುವ ಸಮಾಧಾನ ಸುಳ್ಳಲ್ಲ. ಸುಳ್ಳಾಗಿದ್ದರೆ ಬಿಡುವುದು ಇಷ್ಟು ಕಷ್ಟವಾಗುತ್ತಿರಲಿಲ್ಲ.

ದಾವಣಗೆರೆಗೆ ಈಗ ವಿದ್ಯೆಯೇ ದೊಡ್ಡ ಉದ್ಯಮ. ಮೊದಲು ಇಂಜಿನಿಯರಿಂಗ್ ಕಾಲೇಜು ಬಂತು, 1965ರಲ್ಲಿ ವೈದ್ಯಕೀಯ ಕಾಲೇಜು, 2009ರಲ್ಲಿ ವಿಶ್ವವಿದ್ಯಾಲಯ. ಪರೀಕ್ಷೆಯ ತಿಂಗಳಲ್ಲಿ ಬಾಡಿಗೆ ಕೋಣೆಗಳ ದೀಪ ಆರುವುದು ಅಪರಾತ್ರಿಯಲ್ಲಿ. ಪುಸ್ತಕದ ಪಕ್ಕದಲ್ಲಿ ಮಂಡಕ್ಕಿಯ ಚೀಲ. ಮಂಡಕ್ಕಿ ಹಗುರ, ದೊಡ್ಡ ಬಟ್ಟಲಿಗೆ ಹದಿನೈದು ಇಪ್ಪತ್ತು ಗ್ರಾಂ ತೂಗಿದರೆ ಹೆಚ್ಚು. ಹಾಗೆಂದೇ ಮೋಸವಾಗುವುದು. ಕೈ ಬಾಯಿಗೆ ಹೋಗುತ್ತಲೇ ಇರುತ್ತದೆ. ಎಣ್ಣೆ, ಖಾರ, ಸೇವು ಸೇರುತ್ತಲೇ ಇರುತ್ತವೆ. ಅರಳಿದ ಅಕ್ಕಿ ಬೇಗ ಜೀರ್ಣವಾಗಿ ರಕ್ತದ ಸಕ್ಕರೆಯನ್ನು ಬೇಗ ಏರಿಸುವುದರಿಂದ ಅದು ಬಹಳ ಹೊತ್ತು ಹೊಟ್ಟೆ ತಡೆಯುವುದೂ ಇಲ್ಲ.

2020ರ ಮಾರ್ಚ್ ಕೊನೆಯಲ್ಲಿ ದೇಶವೇ ಬಾಗಿಲು ಹಾಕಿದಾಗ ಎರಡೂ ಊರುಗಳ ಹೋಟೆಲುಗಳು ಮುಚ್ಚಿದವು. ತಿನ್ನುವುದು ನಿಂತಿತೇ? ಇಲ್ಲ, ಮನೆಯ ಒಳಗೆ ಬಂತು. ಆಗ ಅಂಟಿಕೊಂಡ ಪಾರ್ಸಲ್ ಅಭ್ಯಾಸ ಇನ್ನೂ ಬಿಟ್ಟಿಲ್ಲ. ಹೋಟೆಲಿನಲ್ಲಿ ತಿನ್ನುವುದಕ್ಕೂ ಪಾರ್ಸಲ್ ತಂದು ಕೋಣೆಯಲ್ಲಿ ಒಬ್ಬರೇ ತಿನ್ನುವುದಕ್ಕೂ ಇರುವ ವ್ಯತ್ಯಾಸ ಸಣ್ಣದಲ್ಲ. ಹೋಟೆಲಿನಲ್ಲಿ ಸರತಿ ಇದೆ, ಕಾಯುವಿಕೆ ಇದೆ, ಎದುರಿಗೆ ಇನ್ನೊಬ್ಬರಿದ್ದಾರೆ. ಹೊಟ್ಟೆ ತುಂಬಿದ ಸುದ್ದಿ ಮಿದುಳಿಗೆ ಮುಟ್ಟಲು ಸುಮಾರು ಇಪ್ಪತ್ತು ನಿಮಿಷ ಬೇಕು ಎನ್ನುತ್ತಾರೆ. ಸರತಿಯ ದೋಸೆ ಅಷ್ಟು ಹೊತ್ತನ್ನು ಕೊಡುತ್ತದೆ, ಪಾರ್ಸಲ್ ಕೊಡುವುದಿಲ್ಲ. ದೋಸೆಯನ್ನೇ ಬಿಡಿ ಎಂದು ಈ ಊರಿನವರಿಗೆ ಹೇಳುವ ವೈದ್ಯರ ಮಾತು ಯಾರ ಕಿವಿಗೂ ಬೀಳಲಾರದು. ವಾರಕ್ಕೊಮ್ಮೆ, ಹೋಟೆಲಿನಲ್ಲೇ ಕೂತು, ಜೊತೆಗಾರರೊಂದಿಗೆ ಎಂದರೆ ಬೀಳಬಹುದು. ಉಳಿದ ದಿನಗಳಿಗೆ ಜೋಳದ ರೊಟ್ಟಿ, ಕಾಳು ಪಲ್ಯ ಈ ಸೀಮೆಯ ಹಿತ್ತಲ ಗಿಡಗಳೇ. ನಿಧಾನವಾಗಿ ಅರಗುತ್ತವೆ, ಹೊಟ್ಟೆ ತಡೆಯುತ್ತವೆ.

ಇನ್ನು ನಿಂತುಹೋದ ಸೈರನ್. ಅದನ್ನು ಮನೆಯಲ್ಲೇ ಕೂಗಿಸಿಕೊಳ್ಳಬೇಕು. ಕೆಲಸವಿರಲಿ ಇಲ್ಲದಿರಲಿ, ಊಟಕ್ಕೆ ಗಂಟೆ ಗೊತ್ತು ಮಾಡುವುದು. ಹೊತ್ತಲ್ಲದ ಹೊತ್ತಿನಲ್ಲಿ ಹಸಿವೆನಿಸಿದರೆ ಒಂದು ಲೋಟ ನೀರು ಕುಡಿದು ಕಾಲು ಗಂಟೆ ತಿರುಗಾಡಿ ಬರುವುದು. ನಿಜವಾದ ಹಸಿವಾದರೆ ತಂಗಳು ರೊಟ್ಟಿಗೂ ಒಪ್ಪುತ್ತದೆ. ಬೇಸರದ ಹಸಿವು ಮಿರ್ಚಿಯೇ ಬೇಕು ಎಂದು ಹಟ ಹಿಡಿಯುತ್ತದೆ. ಇಷ್ಟಕ್ಕೂ ಬಗ್ಗದೆ, ಬಚ್ಚಿಟ್ಟು ತಿನ್ನುವ, ತಿಂದು ಅಳುವ ಹಂತ ಮುಟ್ಟಿದ್ದರೆ ಅದು ಮನೆಯವರ ಬೈಗುಳದಿಂದ ಹೋಗುವಂಥದ್ದಲ್ಲ. 2022ರಿಂದ ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ ಇದೆ, ಸಂಖ್ಯೆ 14416, ಮಾತಾಡಲು ದುಡ್ಡಿಲ್ಲ.

ತಿರುಗಾಡುವುದಕ್ಕೆ ಹರಿಹರದಲ್ಲಿ ಜಾಗಕ್ಕೆ ಬರವಿಲ್ಲ. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ ಹರಿಹರೇಶ್ವರ ದೇವಾಲಯದ ಕಂಬಗಳ ನಡುವೆ ಮಧ್ಯಾಹ್ನದಲ್ಲೂ ತಂಪು. ಒಂದೇ ಮೂರ್ತಿಯಲ್ಲಿ ಅರ್ಧ ಹರಿ, ಅರ್ಧ ಹರ. ಅಲ್ಲಿಂದ ತುಂಗಭದ್ರೆ ದೂರವಿಲ್ಲ. ಸೂಳೆಕೆರೆಯ ಕಡೆಯಿಂದ ಬರುವ ಹರಿದ್ರಾ ಇಲ್ಲೇ ಅದನ್ನು ಕೂಡುತ್ತದೆ. ಹೊತ್ತಿಳಿಯುವಾಗ ದಂಡೆಯ ಕಡೆ ಜನ ಬರುತ್ತಾರೆ, ಅವರಲ್ಲಿ ತಲೆ ನರೆತವರೇ ಹೆಚ್ಚು. ಇಬ್ಬರು ಮೂವರು ಸೇರಿ ಒಂದೇ ಪೊಟ್ಟಣ ಮಂಡಕ್ಕಿ ಬಿಚ್ಚಿ ನಡುವೆ ಇಟ್ಟುಕೊಳ್ಳುತ್ತಾರೆ. ಮಾತು ಲೇತ್ ಯಂತ್ರದ್ದು, ಮೊಮ್ಮಕ್ಕಳದ್ದು, ಈ ವರ್ಷ ನದಿಗೆ ಬಂದ ನೀರಿನದ್ದು. ಮಂಡಕ್ಕಿ ಮುಗಿಯುವುದಕ್ಕೆ ಮುಕ್ಕಾಲು ಗಂಟೆ ಹಿಡಿಯುತ್ತದೆ.