ಲಕ್ಷದೀಪೋತ್ಸವಕ್ಕೆ ಮಕ್ಕಳೊಡನೆ

ಕಾರ್ತಿಕದ ಅಮಾವಾಸ್ಯೆಯ ಹೊತ್ತಿಗೆ ಧರ್ಮಸ್ಥಳದ ಲಕ್ಷದೀಪೋತ್ಸವಕ್ಕೆ ಮಂಗಳೂರಿನಿಂದ ಮಕ್ಕಳನ್ನು ಕರೆದುಕೊಂಡು ಹೊರಡುವವರು ಬಹಳ. ದಾರಿ ಸುಮಾರು 75 ಕಿಲೋಮೀಟರ್. ದೀಪ ನೋಡಿ ಮುಗಿಯುವಾಗ ನಡುರಾತ್ರಿ. ವಸತಿಗೃಹಗಳು ಅಷ್ಟರಲ್ಲಿ ತುಂಬಿರುತ್ತವೆ. ಎಷ್ಟೋ ಕುಟುಂಬಗಳು ಬಯಲಲ್ಲೇ ಚಾಪೆ ಹಾಸಿ ಬೆಳಗು ಮಾಡುತ್ತವೆ.

ಅನ್ನಪೂರ್ಣ ಛತ್ರದಲ್ಲಿ ಊಟ ಉಂಟು. ಆದರೆ ಸಾಲು ಉದ್ದ, ಮಕ್ಕಳ ಹಸಿವಿಗೆ ತಾಳ್ಮೆಯಿಲ್ಲ. ಒಮ್ಮೆ ನಾವು ಕಾಯಿತುರಿ, ಬೆಲ್ಲ ಕಲಸಿದ ಅವಲಕ್ಕಿಯನ್ನು ಬೆಳಿಗ್ಗೆಯೇ ಡಬ್ಬಿಗೆ ತುಂಬಿಕೊಂಡು ಹೋಗಿದ್ದೆವು. ರಾತ್ರಿ ಮುಚ್ಚಳ ತೆಗೆದರೆ ಹುಳಿ ವಾಸನೆ. ತೇವ ಮತ್ತು ಸೆಕೆ ಸೇರಿದರೆ ಬ್ಯಾಕ್ಟೀರಿಯಾಗಳಿಗೆ ಹಬ್ಬ ಎಂದು ತರಗತಿಯಲ್ಲಿ ಪಾಠ ಮಾಡುವ ನಾನೇ ಅದನ್ನು ಮರೆತಿದ್ದೆ. ಮಗಳು ಅಂದು ಹಸಿದೇ ಮಲಗಿದಳು.

ಮರುವರ್ಷದಿಂದ ನಮ್ಮ ಚೀಲಕ್ಕೆ ನಿಯಮ ಒಂದೇ: ಕಟ್ಟುವ ತಿಂಡಿ ಒಣಗಿರಬೇಕು. ಗರಿಗರಿಯಾಗಿ ಹುರಿದು ಒಗ್ಗರಣೆ ಹಾಕಿದ ಅವಲಕ್ಕಿ, ಹುರಿಗಡಲೆ, ಬೆಲ್ಲದ ತುಂಡು. ಹಣ್ಣಾದರೆ ಸಿಪ್ಪೆಯೊಳಗೇ ಭದ್ರವಾಗಿರುವ ನೇಂದ್ರ ಬಾಳೆ. ಕುಡಿಯಲು ಕುದಿಸಿ ಆರಿಸಿದ ನೀರು. ಬೆಳಗಿನ ಇಬ್ಬನಿಗೆ ಟೊಪ್ಪಿ, ಹೊದಿಕೆ, ಜೊತೆಗೊಂದು ಟಾರ್ಚ್. ಚಿಕ್ಕವರ ಕಿಸೆಯಲ್ಲಿ ಹೆಸರು, ಫೋನ್ ನಂಬರು ಬರೆದ ಚೀಟಿ ಇರಲಿ.

ಹೊಟ್ಟೆ ತಣ್ಣಗಿದ್ದರೆ ಮಕ್ಕಳ ಕಣ್ಣು ದೀಪದ ಮೇಲಿರುತ್ತದೆ.