ತಾನೇ ಬಾರಿಸಿಕೊಂಡ ಡ್ರಮ್ಮು

2012ರ ಮಾತು. ತಮಿಳುನಾಡಿನಲ್ಲಿ ಕರೆಂಟಿಗೆ ಬರ ಬಿದ್ದ ವರ್ಷ, ಕೊಯಮತ್ತೂರು ಸೀಮೆಯಲ್ಲಂತೂ ಕೇಳುವುದೇ ಬೇಡ. ಮದುಕ್ಕರೈಯಲ್ಲಿ ನಮ್ಮ ದೊಡ್ಡಪ್ಪನ ಮನೆ. ಮನೆಯೊಳಗೆ ದೇವಾಂಗರ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ದೊಡ್ಡಪ್ಪನ ಮಗ, ನಮ್ಮಣ್ಣ, ಎಲೆಕ್ಟ್ರಾನಿಕ್ ಡ್ರಮ್ಮನ್ನು ತಾನೇ ಮಾಡುತ್ತೇನೆಂದು ಹಠ ಹಿಡಿದು ಕೂತಿದ್ದ.

ಪ್ಲೈವುಡ್ ತುಂಡು, ಮೇಲೊಂದು ರಬ್ಬರ್ ಹಾಸು, ನಡುವೆ ಪೀಜೋ ಬಿಲ್ಲೆ. ಬಜರ್‌ನೊಳಗೆ ಇರುತ್ತದಲ್ಲ, ಅದೇ ಹಿತ್ತಾಳೆ ಬಿಲ್ಲೆ. ಏಟು ಬಿದ್ದರೆ ಅದೇ ವೋಲ್ಟೇಜು ಹುಟ್ಟಿಸುತ್ತದೆ. ಜೋರಾಗಿ ಬಡಿದರೆ ಹತ್ತಾರು ವೋಲ್ಟು, ಒಮ್ಮೆ ಮೇಲಕ್ಕೆ, ಒಮ್ಮೆ ಸೊನ್ನೆಗಿಂತ ಕೆಳಕ್ಕೆ. ಅದನ್ನು ಓದಿ ಲ್ಯಾಪ್‌ಟಾಪಿಗೆ ಕಳಿಸುವ ಅಣ್ಣನ ಆರ್ಡುವಿನೊ ಬೋರ್ಡು ತಡೆಯುವುದು 5 ವೋಲ್ಟು ಮಾತ್ರ. ಹಾಗಾಗಿ ಬಿಲ್ಲೆಗೆ ಅಡ್ಡಲಾಗಿ 1 ಮೆಗಾಓಮ್ ರೆಸಿಸ್ಟರು ಹಾಕಿದ್ದ, ಚಾರ್ಜು ಸೋರಿಹೋಗಲಿ ಅಂತ. ಆಮೇಲೆ ದಾರಿಯಲ್ಲಿ 10 ಕಿಲೋಓಮ್, ಕೊನೆಗೆ 5.1 ವೋಲ್ಟಿನ ಜೀನರ್ ಡಯೋಡು. ಒಂದೇ ಏಟು ಎರಡಾಗಿ ಕೇಳದಿರಲೆಂದು, ಏಟಾದ ಮೇಲೆ 40 ಮಿಲಿಸೆಕೆಂಡು ಕಿವಿ ಮುಚ್ಚಿಕೊಳ್ಳುವಂತೆ ಪ್ರೋಗ್ರಾಮು ಬರೆದಿದ್ದ.

ಇಷ್ಟೆಲ್ಲ ಮಾಡಿದರೂ ಯಾರೂ ಮುಟ್ಟದೆ ಲ್ಯಾಪ್‌ಟಾಪಿನಿಂದ ಟಪ್, ಟಪಟಪ! ದೊಡ್ಡಮ್ಮ ಒಳಗೊಳಗೇ ಚೌಡೇಶ್ವರಿಗೆ ಕೈಮುಗಿದರು. ದೊಡ್ಡಪ್ಪ ಮಾತ್ರ, “ಪಾಲಕ್ಕಾಡ್ ಲೈನು ಪಕ್ಕದಲ್ಲೇ ಇದೆ. ರೈಲು ಹೋದರೆ ನೆಲ ಅದುರುತ್ತದೆ, ಬಿಲ್ಲೆಗೆ ಗೊತ್ತಾಗುತ್ತದೆ” ಎಂದು ತೀರ್ಪು ಕೊಟ್ಟರು. ಅಣ್ಣ ಪ್ಯಾಡಿನ ಕೆಳಗೆ ಫೋಮು ಇಟ್ಟ. ಊಹೂಂ.

ಅಷ್ಟರಲ್ಲಿ ಕರೆಂಟು ಹೋಯಿತು. ಫ್ಯಾನು ನಿಂತಿತು; ಬ್ಯಾಟರಿಯ ಮೇಲೆ ಲ್ಯಾಪ್‌ಟಾಪು ಬೆಳಗುತ್ತಲೇ ಇತ್ತು, ಡ್ರಮ್ಮು ಮಾತ್ರ ಗಪ್‌ಚಿಪ್. ಸ್ವಲ್ಪ ಹೊತ್ತಿಗೆ ರೈಲು ಬಂತು. ಕಿಟಕಿಯ ಗಾಜು ಗಡಗಡ ಅಂದಿತು, ಪರದೆಯ ಮೇಲೆ ಏಟಿನ ಜೋರು ತೋರಿಸುವ ಅಂಕಿ ಮಾತ್ರ ಸೊನ್ನೆ ಬಿಟ್ಟು ಕದಲಲಿಲ್ಲ. “ಅಪ್ಪಾ, ರೈಲಲ್ಲ, ಕರೆಂಟು!” ಅಂತ ಅಣ್ಣ ಕುಣಿದ.

ಪ್ಯಾಡಿನಿಂದ ಬರುವ ವೈರು ಸಾದಾ ಲೈಟಿನ ವೈರು, ಸ್ವಿಚ್‌ಬೋರ್ಡಿನ ಪಕ್ಕದಲ್ಲೇ ಹಾದುಬಂದಿತ್ತು. ತುದಿಯಲ್ಲಿ 1 ಮೆಗಾಓಮ್ ಇದ್ದರೆ ಗೋಡೆಯೊಳಗಿನ 50 ಹರ್ಟ್ಸಿನ ಗುಂಯ್‌ಗಾಟವೂ ಅದಕ್ಕೆ ಏಟೇ. ಲೈಟು ಬಂದ ಮೇಲೆ ಚಾರ್ಜರ್ ಕಿತ್ತು ನೋಡಿದ, ಟಪಟಪ ನಿಲ್ಲಲಿಲ್ಲ. ವೈರನ್ನು ಬೆರಳಲ್ಲಿ ಹಿಡಿದರೆ ಅಂಕಿ ಇನ್ನೂ ಏರಿತು.

ಪ್ರೋಗ್ರಾಮಿನಲ್ಲಿ ಏಟೆಂದು ಎಣಿಸುವ ಮಿತಿ ಏರಿಸಿ ಕೈತೊಳೆದುಕೊಳ್ಳಬಹುದಿತ್ತು. ಆದರೆ ಹಗುರ ತಟ್ಟು ಕೇಳದ ಡ್ರಮ್ಮು ಯಾತಕ್ಕೆ? ಮೈಕ್‌ಸೆಟ್ ಅಂಗಡಿಯಿಂದ ತಂತಿಬಲೆ ಹೊದಿಸಿದ ಮೈಕ್ ವೈರು ತಂದ, ಬಲೆಯನ್ನೂ ಬಿಲ್ಲೆಯ ಹಿತ್ತಾಳೆ ಬದಿಯನ್ನೂ ಗ್ರೌಂಡಿಗೆ ಬೆಸುಗೆ ಹಾಕಿದ. ಕರೆಂಟು ಇದ್ದಾಗಲೂ ಟಪಟಪ ನಿಂತಿತು.

ದೊಡ್ಡಪ್ಪ ಒಪ್ಪಬೇಕಲ್ಲ. “ಹೋದದ್ದು ಪ್ಯಾಸೆಂಜರು,” ಅಂದರು, “ಎಸಿಸಿ ಸಿಮೆಂಟಿನ ಗೂಡ್ಸು ಬರಲಿ, ಆಗ ನೋಡು.”