ಕ್ಯಾಮೆರಾದ ಹಿಟ್ಟು, ಕಂಪ್ಯೂಟರಿನ ಕಾವಲಿ

ದೋಸೆಗೂ ಫೋಟೊಗೂ ಏನು ಸಂಬಂಧ ಎಂದು ಕೇಳಿದರೆ ಅಡುಗೆಮನೆಯಲ್ಲಿರುವವರು ನಕ್ಕಾರು. ಆದರೆ ಮೊಮ್ಮಗಳ ಜೊತೆ ಒಂದು ತಿಂಗಳು ಕಂಪ್ಯೂಟರಿನ ಮುಂದೆ ಕುಳಿತ ಮೇಲೆ ನನಗೆ ಆ ಸಂಬಂಧ ಚೆನ್ನಾಗಿ ಅರ್ಥವಾಗಿದೆ. ಮೊಬೈಲಿನಲ್ಲಿ ನಾವು ಸಾಮಾನ್ಯವಾಗಿ ತೆಗೆಯುವ ಫೋಟೊ ಹುಯ್ದು, ಬೇಯಿಸಿ, ತಟ್ಟೆಗೆ ಹಾಕಿದ ದೋಸೆ. ಅದಕ್ಕೆ ‘ಜೆಪೆಗ್’ ಎಂದು ಹೆಸರು. ತಿನ್ನಬಹುದು, ನಾಲ್ಕು ಜನಕ್ಕೆ ಹಂಚಬಹುದು. ಒಂದು ಕಡೆ ಸೀದಿತೆಂದು ಅದನ್ನು ತಿರುಗಿ ಹಿಟ್ಟು ಮಾಡಲು ಬರುವುದಿಲ್ಲ. ದೊಡ್ಡ ಕ್ಯಾಮೆರಾಗಳು ಹಿಟ್ಟನ್ನೇ ತೆಗೆದಿಟ್ಟು ಕೊಡಬಲ್ಲವು. ಅದು ‘ರಾ’ ಚಿತ್ರ, ಅಂದರೆ ಹಸಿ ಚಿತ್ರ. ತೆಳ್ಳಗೆ ಹುಯ್ಯುತ್ತೀರೋ, ಸೆಟ್ ದೋಸೆ ಮಾಡುತ್ತೀರೋ, ಪಡ್ಡು ಮಾಡುತ್ತೀರೋ ನಿಮ್ಮ ಇಷ್ಟ. ಹುಳಿ ಬಂದು ಕೆಡುವ ಭಯ ಮಾತ್ರ ಈ ಹಿಟ್ಟಿಗಿಲ್ಲ.

ಮಕ್ಕಳೇ, ಈ ಹಿಟ್ಟಿನಲ್ಲಿ ಏನಿರುತ್ತದೆ ನೋಡೋಣ. ಹಿಂದೆ ಫಿಲ್ಮ್ ಇರುತ್ತಿದ್ದ ಜಾಗದಲ್ಲಿ ಈಗ ಸೆನ್ಸರ್ ಎಂಬ ಪುಟ್ಟ ಬಿಲ್ಲೆ ಇದೆ. ‘24 ಮೆಗಾಪಿಕ್ಸೆಲ್’ ಎಂದರೆ ಅದರ ಮೇಲೆ ಬೆಳಕನ್ನು ಅಳೆಯುವ 2 ಕೋಟಿ 40 ಲಕ್ಷ ಪುಟಾಣಿ ಕಣ್ಣುಗಳಿವೆ ಎಂದರ್ಥ. ತಮಾಷೆಯೆಂದರೆ ಒಂದೊಂದು ಕಣ್ಣಿಗೂ ಒಂದೊಂದೇ ಬಣ್ಣ ಗೊತ್ತು. ಹೆಚ್ಚಿನ ಕ್ಯಾಮೆರಾಗಳಲ್ಲಿ ನಾಲ್ಕು ಕಣ್ಣುಗಳ ಪೈಕಿ ಒಂದಕ್ಕೆ ಕೆಂಪು, ಒಂದಕ್ಕೆ ನೀಲಿ, ಉಳಿದೆರಡಕ್ಕೆ ಹಸಿರು. ಮನುಷ್ಯರ ಕಣ್ಣು ಹಸಿರಿಗೆ ಹೆಚ್ಚು ಸೂಕ್ಷ್ಮವಾದ್ದರಿಂದ ಕೊಡಕ್ ಕಂಪನಿಯ ಬ್ರೈಸ್ ಬೇಯರ್ ಹೀಗೆ ಜೋಡಿಸಿದರು. 1976ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಆ ಕಣ್ಣುಗಳು ಕಂಡ ಲೆಕ್ಕವೇ ಹಸಿ ಚಿತ್ರ. ಅದನ್ನು ಬಣ್ಣದ ಚಿತ್ರವಾಗಿ ಹೊಂದಿಸಲು ಒಂದು ತಂತ್ರಾಂಶ ಬೇಕೇ ಬೇಕು.

ಇನ್ನೊಂದು ಲೆಕ್ಕ. 2ನ್ನು 8 ಸಲ ಇಟ್ಟು ಗುಣಿಸಿ: 256. ಜೆಪೆಗ್ ಚಿತ್ರದಲ್ಲಿ ಒಂದು ಬಣ್ಣಕ್ಕೆ ಕತ್ತಲಿನಿಂದ ಬೆಳಕಿನವರೆಗೆ ಇರುವ ಮೆಟ್ಟಿಲುಗಳು ಅಷ್ಟೇ. 2ನ್ನು 14 ಸಲ ಇಟ್ಟು ಗುಣಿಸಿ: 16,384. ಒಳ್ಳೆಯ ಕ್ಯಾಮೆರಾದ ಹಸಿ ಚಿತ್ರದಲ್ಲಿ ಅಷ್ಟು ಮೆಟ್ಟಿಲುಗಳಿರುತ್ತವೆ. ನಮ್ಮ ಕಣ್ಣಿಗೆ ಬರೀ ಕಪ್ಪಾಗಿ ಕಾಣುವ ಮೂಲೆಯಲ್ಲೂ ಹಸಿ ಚಿತ್ರ ಏನನ್ನೋ ಬಚ್ಚಿಟ್ಟುಕೊಂಡಿರಬಹುದು.

ಇದೆಲ್ಲ ನಮಗೆ ಬೇಕಾದದ್ದು ಹಾಸನದ ಕಡೆಯ ನಮ್ಮೂರಿನ ತೊಟ್ಟಿಮನೆಯಿಂದಾಗಿ. ಅಣ್ಣತಮ್ಮಂದಿರಲ್ಲಿ ಪಾಲಾಗಿ, ಮನೆ ಕೆಡವುವುದೆಂದು ತೀರ್ಮಾನವಾಯಿತು. ಹೆಂಚು ಇಳಿಸುವ ಹಿಂದಿನ ದಿನ ನನ್ನ ಮಗ ಗೆಳೆಯನ ಕ್ಯಾಮೆರಾ ತಂದು ಮನೆಯ ಮೂಲೆಮೂಲೆಯ ಚಿತ್ರ ತೆಗೆದ. ಜೆಪೆಗ್ ಮತ್ತು ರಾ, ಎರಡೂ ಬಗೆಯಲ್ಲಿ. ತೊಟ್ಟಿಮನೆಯನ್ನು ಕಂಡವರಿಗೆ ಗೊತ್ತು: ನಡುವೆ ಆಕಾಶಕ್ಕೆ ಬಾಯಿ ತೆರೆದ ತೊಟ್ಟಿ, ಅಲ್ಲಿ ಕಣ್ಣು ಕುಕ್ಕುವ ಬಿಸಿಲು, ಸುತ್ತಲ ಕಂಬಗಳ ಹಿಂದೆ ಹಗಲಿನಲ್ಲೂ ಮಬ್ಬು. ಜೆಪೆಗ್‌ಗಳಲ್ಲಿ ತೊಟ್ಟಿ ಚೆನ್ನಾಗಿ ಬಂದ ಕಡೆ ಕಂಬಗಳು ಮಸಿಯಾಗಿದ್ದವು. ಕಂಬ ಬಂದ ಕಡೆ ತೊಟ್ಟಿ ಸುಣ್ಣದ ನೀರಿನಂತೆ ಬೆಳ್ಳಗಾಗಿತ್ತು. ಇನ್ನೊಮ್ಮೆ ಹೋಗಿ ತೆಗೆಯೋಣವೆಂದರೆ ಮನೆಯೇ ಇಲ್ಲ. ಉಳಿದದ್ದು ಹಸಿ ಚಿತ್ರಗಳು. ಅವೋ, ನಮ್ಮ ಹಳೆಯ ಕಂಪ್ಯೂಟರಿನಲ್ಲಿ ತೆರೆಯಲೇ ಇಲ್ಲ.

ಎಂಟನೇ ಕ್ಲಾಸಿನ ಮೊಮ್ಮಗಳು, “ತಾತ, ಯಾವ ಸಾಫ್ಟ್‌ವೇರ್ ಬೆಸ್ಟ್ ಅಂತ ಹುಡುಕ್ತೀನಿ” ಎಂದಳು. “ಬೆಸ್ಟ್ ಆಮೇಲೆ ಆಗಲಿ ಪುಟ್ಟ, ನಮಗೇನು ಬೇಕು ಅಂತ ಮೊದಲು ಬರಿ” ಎಂದೆ. ಲೆಕ್ಕದ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಮೂರು ಪ್ರಶ್ನೆಗಳಾದವು. ಒಂದು: ಅದು ಮೂಲ ಚಿತ್ರವನ್ನು ಮುಟ್ಟದೆ ಬಿಡುತ್ತದೆಯೇ? ಎರಡು: ನಮ್ಮ ಕಂಪ್ಯೂಟರಿನಲ್ಲಿ ಓಡುತ್ತದೆಯೇ? ಮೂರನೆಯದನ್ನು ಅವಳೇ ಬರೆದಳು: ನಾನು ಅಜ್ಜಿಯಾದಾಗಲೂ ಈ ಫೋಟೊ ತೆರೆಯಬಹುದೇ?

ಮೊದಲು ನೋಡಿದ್ದು ಕ್ಯಾಮೆರಾ ತಯಾರಕರೇ ಕೊಡುವ ತಂತ್ರಾಂಶಗಳನ್ನು. ಕ್ಯಾನನ್‌ಗೆ ಡಿಜಿಟಲ್ ಫೋಟೊ ಪ್ರೊಫೆಷನಲ್, ನಿಕಾನ್‌ಗೆ ಎನ್‌ಎಕ್ಸ್ ಸ್ಟುಡಿಯೊ. ಇವಕ್ಕೆ ಕಾಸಿಲ್ಲ, ಆಯಾ ಕ್ಯಾಮೆರಾದ ಬಣ್ಣಗಳನ್ನು ಚೆನ್ನಾಗಿ ಬಲ್ಲವು. ಆದರೆ ತಮ್ಮ ಮನೆಯ ಹಸಿ ಚಿತ್ರಗಳನ್ನಷ್ಟೇ ಬೇಯಿಸುತ್ತವೆ. ನಮ್ಮದು ಎರವಲು ಕ್ಯಾಮೆರಾ. ನಾಳೆ ಬೇರೆ ಕಂಪನಿಯದನ್ನು ಕೊಂಡರೆ ಮತ್ತೆ ಅ ಆ ಇ ಈಯಿಂದ ಕಲಿಯಬೇಕು.

ಎರಡನೆಯದು, ಫೋಟೊಗ್ರಾಫರುಗಳು ತುಂಬ ಬಳಸುವ ಅಡೋಬಿ ಕಂಪನಿಯ ಲೈಟ್‌ರೂಮ್. 2007ರಲ್ಲಿ ಬಂದಾಗ ಒಮ್ಮೆ ದುಡ್ಡು ಕೊಟ್ಟು ಕೊಳ್ಳುವಂತಿತ್ತು. 2015ರಲ್ಲಿ ಬಂದ ಆರನೆಯ ಆವೃತ್ತಿಯೇ ಹಾಗೆ ಮಾರಿದ್ದರಲ್ಲಿ ಕೊನೆಯದು. ಈಗ ಚಂದಾ ಕಟ್ಟಬೇಕು. ಬಹಳ ಸಮರ್ಥವಾದದ್ದು, ದಿನವೂ ಸಾವಿರ ಫೋಟೊ ನೋಡುವ ಮದುವೆ ಫೋಟೊಗ್ರಾಫರಿಗೆ ಹೇಳಿ ಮಾಡಿಸಿದ್ದು. ಅದರ ಕಂಪ್ಯೂಟರ್ ಆವೃತ್ತಿಯಲ್ಲಿ ಚಂದಾ ನಿಂತರೂ ಚಿತ್ರಗಳೇನೂ ಮಾಯವಾಗುವುದಿಲ್ಲ, ನೋಡಬಹುದು. ತಿದ್ದುವ ಕೋಣೆಗೆ ಮಾತ್ರ ಬೀಗ ಬೀಳುತ್ತದೆ. ವರ್ಷಕ್ಕೆ ಎರಡು ಸಲ ಫೋಟೊ ತಿದ್ದುವ ಮನೆಗೆ ತಿಂಗಳ ಬಾಡಿಗೆ ಯಾಕೆ ಎನ್ನಿಸಿತು.

ಮೂರನೆಯದು ಸ್ವತಂತ್ರ ತಂತ್ರಾಂಶಗಳು. ಅವುಗಳಲ್ಲಿ ಎರಡು ಹೆಸರಾದವು: ಡಾರ್ಕ್‌ಟೇಬಲ್ ಮತ್ತು ರಾಥೆರಪಿ. ಎರಡಕ್ಕೂ ಬೆಲೆಯಿಲ್ಲ, ವಿಂಡೋಸ್, ಲಿನಕ್ಸ್, ಮ್ಯಾಕ್ ಎಲ್ಲದರಲ್ಲೂ ನಡೆಯುತ್ತವೆ. ಬೆಲೆಗಿಂತ ದೊಡ್ಡ ಮಾತೆಂದರೆ, ಇವನ್ನು ಬರೆದ ಬಗೆ ಎಲ್ಲರಿಗೂ ತೆರೆದಿದೆ. ಬರೆದವರು ಕೈಬಿಟ್ಟರೂ ಇನ್ನೊಬ್ಬರು ಎತ್ತಿಕೊಂಡು ಮುಂದುವರಿಸಬಹುದು, ಅಜ್ಜಿಯ ಉಪ್ಪಿನಕಾಯಿಯ ಅಳತೆಯನ್ನು ಸೊಸೆ ಕಲಿತ ಹಾಗೆ. 1997ರಲ್ಲಿ ಡೇವ್ ಕಾಫಿನ್ ಎಂಬ ಅಮೆರಿಕದ ಪ್ರೋಗ್ರಾಮರ್, ಬೇರೆ ಬೇರೆ ಕ್ಯಾಮೆರಾಗಳ ಹಸಿ ಚಿತ್ರ ಓದುವ ಪ್ರೋಗ್ರಾಂ ಬರೆಯಲು ತೊಡಗಿ, ಅದನ್ನು ಎಲ್ಲರಿಗೂ ಕೊಟ್ಟರು. ಆ ಬುನಾದಿಯ ಮೇಲೆ ಎಷ್ಟೋ ತಂತ್ರಾಂಶಗಳು ಎದ್ದಿವೆ. ರಾಥೆರಪಿಯೂ ಅದನ್ನು ಬಳಸಿಕೊಂಡಿದೆ. ಹಂಗೆರಿಯ ಗಾಬೊರ್ ಹೊರ್ವಾತ್ ಎಂಬುವರು ಶುರುಮಾಡಿದ ರಾಥೆರಪಿ 2010ರಿಂದ ಎಲ್ಲರಿಗೂ ತೆರೆದದ್ದಾಯಿತು.

ನಾವು ಒಂದೇ ಚಿತ್ರವನ್ನು ಎರಡರಲ್ಲೂ ತೆರೆದು ನೋಡಿದೆವು. ಡಾರ್ಕ್‌ಟೇಬಲ್‌ನಲ್ಲಿ ಸಾವಿರಾರು ಚಿತ್ರಗಳನ್ನು ವಿಂಗಡಿಸಿಡುವ ವ್ಯವಸ್ಥೆಯೂ ಇದೆ. ನಮ್ಮ ಅಗತ್ಯ ಸಣ್ಣದು; ಫೋಲ್ಡರ್ ತೋರಿಸಿದರೆ ನೇರ ಕೆಲಸಕ್ಕೆ ಕೂರುವ ರಾಥೆರಪಿಯನ್ನು ಆರಿಸಿಕೊಂಡೆವು. ಹೆಸರೂ ಮೊಮ್ಮಗಳಿಗೆ ಹಿಡಿಸಿತು: ಹಸಿ ಚಿತ್ರಕ್ಕೆ ಚಿಕಿತ್ಸೆ! ಅದು ಮೂಲ ಚಿತ್ರವನ್ನು ಮುಟ್ಟುವುದಿಲ್ಲ. ನಾವು ಮಾಡಿದ ತಿದ್ದುಪಡಿಗಳನ್ನೆಲ್ಲ ಪಕ್ಕದಲ್ಲಿ ಒಂದು ಚೀಟಿಯ ಹಾಗೆ ಬೇರೆ ಫೈಲಿನಲ್ಲಿ ಬರೆದಿಡುತ್ತದೆ. ಡಾರ್ಕ್‌ಟೇಬಲ್ ಮಾಡುವುದೂ ಇದನ್ನೇ. ಸುಲಭವೇ ಎಂದರೆ, ಅಲ್ಲ. ಗುಂಡಿಗಳು, ಜಾರುಪಟ್ಟಿಗಳು ಪಂಚಾಂಗದ ಪುಟದಂತೆ ಕಿಕ್ಕಿರಿದಿವೆ. ಮೊದಲ ವಾರ ಬೆಳಕು, ನೆರಳು, ಬಿಳಿಯ ಹೊಂದಾಣಿಕೆ ಎಂಬ ಮೂರೇ ಕೆಲಸ ಕಲಿತೆವು.

ಬಿಳಿಯ ಹೊಂದಾಣಿಕೆ ಎಂದರೆ, “ಇದು ಬಿಳಿ ಅಥವಾ ಬೂದು” ಎಂದು ಒಂದು ಜಾಗ ಮುಟ್ಟಿ ತೋರಿಸುವುದು. ಉಳಿದ ಬಣ್ಣಗಳನ್ನು ಅದು ಸರಿಪಡಿಸಿಕೊಳ್ಳುತ್ತದೆ. ಮೊಮ್ಮಗಳು ಗೋಡೆಯ ಮೇಲೆ ಕ್ಲಿಕ್ ಮಾಡಿದಳು. ಮನೆಗೆ ಮನೆಯೇ ಅರಿಸಿನ ಬಳಿದಂತಾಯಿತು! ನನಗೆ ನಗು ಬಂತು. ನಮ್ಮಮ್ಮ ಸುಣ್ಣಕ್ಕೆ ಬಟ್ಟೆಯ ನೀಲಿ ಬೆರೆಸಿ ಬಳಿಸುತ್ತಿದ್ದರು. ಆ ಗೋಡೆ ಬಿಳಿಯಲ್ಲ, ತಿಳಿನೀಲಿ. ನೀಲಿಯನ್ನು ಬಿಳಿ ಎಂದು ಹೇಳಿದರೆ ಪಾಪ, ಕಂಪ್ಯೂಟರ್ ಅದನ್ನು ಕಳೆಯಲು ಹಳದಿ ಬೆರೆಸುತ್ತದೆ. “ಕಂಬದ ಬುಡದ ಕಲ್ಲಿನ ಮೇಲೆ ಒತ್ತು, ಅದು ಬೂದು” ಎಂದೆ. ಗೋಡೆ ತನ್ನ ನೀಲಿಗೆ ಮರಳಿತು. ಎಷ್ಟೇ ದೊಡ್ಡ ತಂತ್ರಾಂಶವಾದರೂ ಆ ಸುಣ್ಣದ ಗುಟ್ಟು ಅದಕ್ಕೆ ಗೊತ್ತಿರಲು ಸಾಧ್ಯವಿಲ್ಲ.

ಆಮೇಲೆ ನಡುಮನೆಯ ಬಾಗಿಲವಾಡದ ಚಿತ್ರ. ಎಣ್ಣೆ, ಹೊಗೆ ಹಿಡಿದು ಕಪ್ಪಾದ ಮರ. ಜೆಪೆಗ್‌ನಲ್ಲಿ ಬರೀ ಕತ್ತಲೆ. ಅವಳು ನೆರಳನ್ನು ಮೆಲ್ಲಗೆ ತಿಳಿಮಾಡುತ್ತಾ ಹೋದಳು. ತೊಟ್ಟಿಯ ಕಡೆಯಿಂದ ಓರೆಯಾಗಿ ಬಿದ್ದ ಬೆಳಕಿನಲ್ಲಿ ಅಡ್ಡಗೆರೆಗಳು ಒಂದೊಂದಾಗಿ ಕಾಣಿಸಿದವು. ನಮ್ಮಪ್ಪ ಪ್ರತಿ ಯುಗಾದಿಗೆ ಮಕ್ಕಳನ್ನು ಅಲ್ಲಿ ನಿಲ್ಲಿಸಿ, ತಲೆಯ ಮಟ್ಟಕ್ಕೆ ಮೊಳೆಯಿಂದ ಗೀರಿ, ಪಕ್ಕದಲ್ಲಿ ಹೆಸರು ಬರೆಯುತ್ತಿದ್ದರು. ಐವತ್ತು ವರ್ಷದ ಹೊಗೆಯಲ್ಲಿ ಅವು ಮುಚ್ಚಿಹೋದವೆಂದೇ ನಾವೆಲ್ಲ ತಿಳಿದಿದ್ದೆವು.

“ತಾತ, ಎಲ್ಲರ ಗೆರೆಯೂ ಮೇಲೆ ಹೋಗಿದೆ. ‘ಪುಟ್ಟಿ’ ಅಂತ ಇರೋದು ಮಾತ್ರ ಇಲ್ಲೇ ನಿಂತುಬಿಟ್ಟಿದೆಯಲ್ಲ, ಯಾಕೆ?”

ಪುಟ್ಟಿ ನನ್ನ ತಂಗಿ. ಆರು ವರ್ಷಕ್ಕೆ ಜ್ವರ ಬಂದು ಹೋದಳು. ಅವಳದೊಂದು ಫೋಟೊ ನಮ್ಮ ಮನೆಯಲ್ಲಿ ಇರಲಿಲ್ಲ. ಅವಳ ಎತ್ತರ ಎಷ್ಟಿತ್ತು ಎಂಬುದು ಈಗ ಆ ಚಿತ್ರದಲ್ಲಿದೆ. ಮೊಮ್ಮಗಳು ಅಂದು ಇನ್ನೇನೂ ಕೇಳಲಿಲ್ಲ. ಗೋಡೆಯ ಬಿರುಕನ್ನು ಒಂದು ಆ್ಯಪ್‌ನಲ್ಲಿ ಅಳಿಸಿ ಚೆಂದ ಮಾಡಬಹುದು ಎಂದು ಅವಳಣ್ಣ ಆಮೇಲೆ ಹೇಳಿದಾಗ, “ಬೇಡ, ಅದೂ ಮನೆಯದೇ” ಎಂದಳು.

ಅಮೆರಿಕದ ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ ನೆಗೆಟಿವ್ ಅನ್ನು ಸಂಗೀತದ ಸ್ವರಲಿಪಿಗೂ, ಪ್ರಿಂಟನ್ನು ಕಚೇರಿಗೂ ಹೋಲಿಸುತ್ತಿದ್ದರು. 1941ರಲ್ಲಿ ನ್ಯೂ ಮೆಕ್ಸಿಕೊದ ಒಂದು ಹಳ್ಳಿಯ ಮೇಲೆ ಚಂದ್ರ ಮೂಡುವುದನ್ನು ತೆಗೆದ ಒಂದೇ ನೆಗೆಟಿವ್‌ನಿಂದ ಅವರು ಮುಂದೆ ಸಾವಿರಕ್ಕೂ ಹೆಚ್ಚು ಪ್ರಿಂಟ್ ಮಾಡಿದರು; ವರ್ಷ ಕಳೆದಂತೆ ಅವರ ಪ್ರಿಂಟುಗಳಲ್ಲಿ ಆಕಾಶ ಇನ್ನಷ್ಟು ಕಪ್ಪಾಯಿತು. ಒಂದೇ ಕೀರ್ತನೆಯನ್ನು ವಿದ್ವಾಂಸರು ಇಪ್ಪತ್ತರಲ್ಲಿ ಒಂದು ರೀತಿ, ಅರವತ್ತರಲ್ಲಿ ಇನ್ನೊಂದು ರೀತಿ ಹಾಡುವುದಿಲ್ಲವೇ? ಹಾಡು ಉಳಿದಿರಬೇಕು, ಅಷ್ಟೆ. ತಂತ್ರಾಂಶ ಆರಿಸುವಾಗ ಯಾವುದು ಫೋಟೊವನ್ನು ಹೆಚ್ಚು ಚೆಂದ ಮಾಡುತ್ತದೆ ಎಂಬುದಕ್ಕಿಂತ, ಯಾವುದು ಅಸಲನ್ನು ಕೆಡಿಸದೆ, ಬೀಗದ ಕೈಯನ್ನು ನಮ್ಮ ಹತ್ತಿರವೇ ಬಿಡುತ್ತದೆ ಎಂದು ಕೇಳಬೇಕು.

ನಿಮ್ಮ ಮನೆಯಲ್ಲೂ ಹಸಿ ಚಿತ್ರಗಳಿದ್ದರೆ ಮೂಲವನ್ನು ಅಳಿಸಬೇಡಿ. ಅದನ್ನೂ ತಿದ್ದುಪಡಿಯ ಚೀಟಿಯನ್ನೂ ಎರಡು ಬೇರೆ ಬೇರೆ ಡಿಸ್ಕ್‌ಗಳಲ್ಲಿಟ್ಟು, ಒಂದನ್ನು ಬೇರೆ ಊರಿನ ನಂಟರಲ್ಲಿಡಿ. ಮುಖ್ಯವಾದವನ್ನು ಕಾಗದಕ್ಕೂ ಇಳಿಸಿ. ಮಕ್ಕಳು ಮೌಸ್ ಹಿಡಿಯಲಿ, ಅಜ್ಜ ಅಜ್ಜಿ ಪಕ್ಕದಲ್ಲಿ ಕೂತು ಗೋಡೆಯ ಬಣ್ಣ ಯಾವುದೆಂದು ಹೇಳಲಿ. ಪ್ರಿಂಟಿನ ಹಿಂದೆ ಪೆನ್ಸಿಲಿನಲ್ಲಿ ಹೆಸರು, ಊರು, ಇಸವಿ ಬರೆಯುವ ಕೆಲಸ ಮಾತ್ರ ಇವತ್ತೇ ಆಗಲಿ. ಅದನ್ನು ಮಾಡಿಕೊಡುವ ತಂತ್ರಾಂಶ ಇನ್ನೂ ಬಂದಿಲ್ಲ.